ಊತ ಇಳಿದ ಮೇಲೂ ಉಳಿದ ನೋವು

ಹೋದ ತಿಂಗಳು ಹೊಸೂರಿನ ಆಸ್ಪತ್ರೆಯಲ್ಲಿ ಮಂಡಿ ತೋರಿಸಲು ಕೂತಿದ್ದಾಗ, ಪಕ್ಕದ ಹೆಂಗಸಿನ ಕೈಯಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ಉದ್ದನಪಲ್ಲಿಯ ನಮ್ಮ ಎದುರುಮನೆ ದೊಡ್ಡಮ್ಮ ನೆನಪಾದರು. ರಕ್ತಸಂಬಂಧವೇನೂ ಇರಲಿಲ್ಲ, ಸೊಸೆಯಾಗಿ ಆ ಬೀದಿಗೆ ಬಂದಾಗಿನಿಂದ ನಾನು ಅವರನ್ನು ಕರೆದದ್ದೇ ಹಾಗೆ. ಅವರ ಜಗುಲಿ ಹತ್ತುವ ಮೊದಲೇ ಆ ವಾಸನೆ ಮೂಗಿಗೆ ಬಡಿಯುತ್ತಿತ್ತು...

ಎತ್ತರದ ಆಳು, ಬಾಯಿ ಜೋರು. ಕೂಲಿಯವರೆಲ್ಲರಿಗೂ ಆಗುವಷ್ಟು ರಾಗಿ ಮುದ್ದೆಯನ್ನು ಒಬ್ಬರೇ ತಿರುವಿ ಇಳಿಸುತ್ತಿದ್ದರು. ಅಂಥವರಿಗೆ ಸಂಧಿವಾತ ಬಂತು. ಮಣಿಕಟ್ಟು, ಬೆರಳ ಗೆಣ್ಣುಗಳೆಲ್ಲ ಊದಿಕೊಂಡವು. ಊತ ಕಣ್ಣಿಗೆ ಕಾಣುವಷ್ಟು ದಿನ ಬೀದಿಯವರೆಲ್ಲ ಅಯ್ಯೋ ಪಾಪ ಅಂದೆವು. ಮಾತ್ರೆ ನುಂಗಿ ಊತ ಇಳಿಯಿತು, ನೋವು ಇಳಿಯಲಿಲ್ಲ.

"ಸೆರಗು ತಾಕಿದ್ರೂ ಉರೀತದೆ ಕಣಮ್ಮಿ," ಅನ್ನುತ್ತಿದ್ದರು. ಸೆರಗು ತಾಕಿದರೆ ಉರಿಯುತ್ತದಂತೆ! ನಾವು ಹೆಂಗಸರು ಹಿಂದಿನಿಂದ ನಗುತ್ತಿದ್ದೆವು. ಸೊಸೆ ಬಂದ ಮೇಲೆ ಯಾವ ಅತ್ತೆಗೆ ಕೈ ನೋಯುವುದಿಲ್ಲ ಹೇಳಿ ಅಂತ ನಾನೂ ಒಂದು ಮಾತು ಸೇರಿಸಿದ್ದೆ. ಅವರನ್ನು ನಂಬಿದ್ದವನು ಮಗ ಒಬ್ಬನೇ. ಮುದ್ದೆ ಕೋಲು ಮುಟ್ಟಲೇಬೇಡ ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದ.

ಒಂದು ಸಾಯಂಕಾಲ ನಾನು ದನಕ್ಕೆ ನೀರಿಡಲು ಹಿತ್ತಿಲಿಗೆ ಹೋಗಿದ್ದೆ. ವಾಪಸು ಬಾಗಿಲಿಗೆ ಬಂದಾಗ, ಅಂಬೆಗಾಲಿಡುತ್ತಿದ್ದ ನನ್ನ ಮಗ ಜಗುಲಿಯ ಅಂಚಿನಿಂದ ಉರುಳುತ್ತಿದ್ದ. ಕೆಳಗೆ ಚಪ್ಪಡಿ ಕಲ್ಲು. ಎದುರಿನಿಂದ ಓಡಿಬಂದ ದೊಡ್ಡಮ್ಮ ಎರಡೂ ಕೈಯಲ್ಲಿ ಅವನನ್ನು ಬಾಚಿ ಎತ್ತಿಕೊಂಡರು. ಮಗುವನ್ನು ನನಗೆ ಕೊಟ್ಟವರೇ ಅಲ್ಲೇ ಕುಸಿದು ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅಳತೊಡಗಿದರು. ಹೆದರಿಕೆಗೆ ಅತ್ತರು ಅಂದುಕೊಂಡೆನೇ... ಇಲ್ಲ. "ಕೈ ಕಣಮ್ಮಿ, ಕೈ," ಅಂದದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು.

ಅವರು ಓಡಿಬಂದು ಎತ್ತಿದ್ದನ್ನು ಬೀದಿಗೆಲ್ಲ ಹೇಳಿಕೊಂಡು ಬಂದೆ, ಹೊಗಳಿದ್ದೇ ಹೊಗಳಿದ್ದು. ಅತ್ತದ್ದನ್ನು ಮಾತ್ರ ಹೇಳಲಿಲ್ಲ. ಮಾರನೇ ದಿನ ಅವರ ಮಗ ನನ್ನೆದುರಿಗೇ ಕೇಳಿದ:

"ಕೂಸ್ನ ಎತ್ತೋಕೆ ಬತ್ತದೆ, ಕೋಲು ಹಿಡಿಯೋಕೆ ಬರಲ್ವಾ? ನಾನೂ ನಂಬ್ಬುಟ್ಟಿದ್ನಲ್ಲವ್ವಾ!"

ದೊಡ್ಡಮ್ಮ ನನ್ನ ಮುಖ ನೋಡಿದರು. ನಾನು ಮಗುವಿನ ಅಂಗಿಯ ಗುಂಡಿ ಹಾಕುತ್ತಾ ನಿಂತೆ. ಅವತ್ತಿನಿಂದ ಅವರು ನೋವಿನ ಮಾತೆತ್ತಲಿಲ್ಲ. ಹಲ್ಲು ಕಚ್ಚಿಕೊಂಡು ಮತ್ತೆ ಮುದ್ದೆ ತಿರುವಿದರು, ಕೈಲಾಗುವಷ್ಟು ವರ್ಷ. ಅವರು ತೀರಿಕೊಂಡಾಗ ನಾನು ಹೋಗಿ ಎಲ್ಲರಿಗಿಂತ ಜೋರಾಗಿ ಅತ್ತೆ.

ಈಗ ನನ್ನ ಮಂಡಿಯೂ ಹಾಗೇ. ಊತ ಹೋಗಿದೆ, ಲಂಗದ ಅಂಚು ತಾಕಿದರೂ ಉರಿಯುತ್ತದೆ. ನಗುತ್ತಾರೇನೋ ಎಂದು ಅಳುಕುತ್ತಲೇ ಹೇಳಿದೆ. ಡಾಕ್ಟರು ನಗಲಿಲ್ಲ. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದರು: ಬಹಳ ದಿನ ನೋವು ಸಾಗಿಸಿದ ನರಗಳು, ಕೀಲು ತಣ್ಣಗಾದ ಮೇಲೂ, ಕೆಲವರಲ್ಲಿ ಬೆನ್ನುಹುರಿಯೊಳಗೆ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತವೆ. ಅದರಿಂದ ಅಲ್ಲಿನ ಜೀವಕೋಶಗಳು ಕೆರಳಿ, ಬಟ್ಟೆ ಸೋಕಿದ್ದನ್ನೂ ನೋವೆಂದೇ ಮೆದುಳಿಗೆ ಮುಟ್ಟಿಸುತ್ತವೆ.

"ಅಂಥಾ ಕೈಯಲ್ಲಿ ಮಗು ಎತ್ತೋಕಾಗ್ತದಾ ಸಾರ್?" ಅಂತ ಕೇಳಿದೆ.

"ಅಪಾಯ ಬಂದ್ರೆ ಎತ್ಬೋದಮ್ಮಾ. ಆಗ ಮೆದುಳೇ ಬೇರೆ ರಾಸಾಯನಿಕ ಬಿಡಿಸಿ, ಬೆನ್ನುಹುರೀಲೇ ನೋವನ್ನ ಸ್ವಲ್ಪ ಹೊತ್ತು ಅದುಮಿ ಇಡ್ತದೆ. ಕಷ್ಟ ಇರೋದು ಆಮೇಲೆ."

ದೊಡ್ಡಮ್ಮ ಹೇಳಿದ್ದ ಮಾತನ್ನೇ ನಾನು ಹೇಳಿದ್ದೆ. ಡಾಕ್ಟರು ನನ್ನನ್ನು ಒಂದೇ ಸಲಕ್ಕೆ ನಂಬಿದರು. ಔಷಧಿ ಚೀಟಿ ಹಿಡಿದು ಹೊರಗೆ ಬರುವಾಗ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಅವತ್ತು ಜಗುಲಿಯಿಂದ ಉರುಳಿದ್ದ ನನ್ನ ಮಗನೇ ಫ್ಯಾಕ್ಟರಿಗೆ ರಜೆ ಹಾಕಿ ಜೊತೆಗೆ ಬಂದಿದ್ದ. ಊರಿನ ಬಸ್ಸಿನಲ್ಲಿ ಅವನಿಗೆ ಮೊದಲ ಸಲ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡ ಮೇಲೆ ಅವನು ಕೇಳಿದ:

"ಅವ್ರು ಅತ್ತಿದ್ದನ್ನ ಅವ್ರ ಮಗನ್ಗೆ ಯಾಕಮ್ಮ ಹೇಳ್ಲಿಲ್ಲ ನೀನು?"

"ಹೊಗಳ್ತಾ ಇರೋವರ್ಗೂ ಯಾರೂ ನನ್ನ ಕೇಳ್ಲಿಲ್ಲ. ಅವ್ರಿಗೆ ಅಷ್ಟು ನೋವಾಯ್ತು ಅಂತ ಹೇಳಿದ್ರೆ, ಮಗೂನ ಒಂಟಿಯಾಗಿ ಬಿಟ್ಟು ನೀನೆಲ್ಲೋಗಿದ್ದೆ ಅಂತ ಕೇಳೋರು ಕಣೋ."

ಅವನು ಕಿಟಕಿಯಿಂದ ನನ್ನ ಕಡೆ ತಿರುಗಿದ.

"ಅಷ್ಟಕ್ಕೇನಾ?" ಅಂದ.

ಹೌದು, ಅಷ್ಟಕ್ಕೇ...