ಸೋಡಾ ದೊಡ್ಡಮ್ಮನ ಕಡೆಯವರು

ನಮ್ಮ ದೊಡ್ಡಮ್ಮನಿಗೆ ಎಷ್ಟು ಜನ ಗಂಡಂದಿರು ಎಂದು ಯಾರಾದರೂ ಕೇಳಿದರೆ ಅಮ್ಮ ಈಗಲೂ ತಲೆ ತಗ್ಗಿಸುತ್ತಾಳೆ. ನಾನು ತಗ್ಗಿಸುವುದಿಲ್ಲ. ಒಬ್ಬ ಲಾರಿ ಡ್ರೈವರ್, ಒಬ್ಬ ಗಾರೆ ಕೆಲಸದವ, ಹಲ್ಲಿಲ್ಲದ ಒಬ್ಬ ಕೊಡೆ ರಿಪೇರಿಯವ, ಇಷ್ಟು ಜನ ನನಗೇ ಗೊತ್ತು. ಎಲ್ಲರೂ ಧರ್ಮಾಸ್ಪತ್ರೆಯ ಬಿಟ್ಟಿ ವಾರ್ಡಿನಲ್ಲಿ ಸಿಕ್ಕವರು. ಒಬ್ಬನ ಜೊತೆಗೂ ಅವಳು ಸಂಸಾರ ಹೂಡಲಿಲ್ಲ.

ಆಸ್ಪತ್ರೆ ಕನ್ಯಾಸ್ತ್ರೀಯರದು. ಅಲ್ಲಿ ಬಟ್ಟೆ ಒಗೆಯುವ ಕೋಣೆಗೆ ದೊಡ್ಡಮ್ಮನೇ ಯಜಮಾನಿ. ಹಂಡೆಯಲ್ಲಿ ಹಾಸಿಗೆ ಬಟ್ಟೆ ಕುದಿಸಿ, ಬಡಿದು, ನೀಲಿಗೆ ಅದ್ದಿ ಹರವುವುದು ಅವಳ ಕೆಲಸ. ಮೈಯೆಲ್ಲ ಸೋಡಾಪುಡಿಯ ವಾಸನೆ, ಹಾಗಾಗಿ ಮನೆಮಂದಿಗೆಲ್ಲ ಅವಳು ಸೋಡಾ ದೊಡ್ಡಮ್ಮ.

ಆಸ್ಪತ್ರೆಯ ಚರಿತ್ರೆ ಅವಳ ಬಾಯಲ್ಲಿ ಹೀಗಿತ್ತು. ಯಾವುದೋ ಕಾಲದಲ್ಲಿ ನಾಲ್ಕು ಜನ ಕನ್ಯಾಸ್ತ್ರೀಯರು ಒಂದು ಔಷಧಿ ಪೆಟ್ಟಿಗೆ ಹಿಡಿದು ಬಂದು ಹಳೇ ಕೊಟ್ಟಿಗೆಯೊಂದರಲ್ಲಿ ಇಳಿದರು. ಮರುಳು ಮಾಡಲು ಬಂದವರೆಂದು ಊರು ಮೂಗು ಮುರಿಯಿತು. ಆಮೇಲೆ ಕಾಲರಾ ಬಂತು. ಊರಿಗೆ ಊರೇ ಕಾಲಿಗೆ ಬುದ್ಧಿ ಹೇಳಿತು, ಇವರು ಮಾತ್ರ ಉಳಿದರು. "ಆ ನಿಲುವಂಗಿ ಹಾಕ್ಕೊಂಡು ಓಡೋದಾದ್ರೂ ಹೇಗೆ?" ಎನ್ನುತ್ತಿದ್ದಳು ದೊಡ್ಡಮ್ಮ. ಅಂದಿನಿಂದ ಊರಿಗೊಂದು ಅನುಕೂಲವಾಯಿತು. ಬೇಡವಾದ ಅತ್ತೆ, ಕಾಲು ಮುರಿದ ಆಳು, ಬಸಿರಿನಲ್ಲಿ ಕೈಬಿಟ್ಟ ಹೆಂಡತಿ, ಯಾರನ್ನು ಬೇಕಾದರೂ ಅವರ ಜಗಲಿಯ ಮೇಲೆ ಮಲಗಿಸಿ ಬರಬಹುದಿತ್ತು.

ದೊಡ್ಡಮ್ಮನನ್ನೂ ಹಾಗೆಯೇ ಮಲಗಿಸಿದ್ದರು. ಹೊಸ ಸೊಸೆಗೆ ವಿಷಮಜ್ವರ ಬಂದಿತ್ತು. "ನೀರು ತರ್ತೀವಿ, ಇಲ್ಲೇ ಇರು" ಎಂದು ಹೋದ ಗಂಡನ ಮನೆಯವರು ಇನ್ನೂ ನೀರು ಹುಡುಕುತ್ತಲೇ ಇದ್ದಾರೆ. ಸುದ್ದಿ ತಿಳಿದು ನಮ್ಮಜ್ಜ ಕರೆತರಲು ಹೋಗುವಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿ ಹಂಡೆಯ ಮುಂದೆ ನಿಂತಿದ್ದಳು, ಬರಲಿಲ್ಲ. ಆ ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವಳಿಗೆ ಸಿಟ್ಟು ಮಾಡಲು ಪುರುಸೊತ್ತಿರಲಿಲ್ಲ.

ಆಪರೇಷನ್ನಿಗೆ ಮುಂಚೆ ಆ ಆಸ್ಪತ್ರೆಯಲ್ಲಿ ತಪ್ಪದೆ ಕೇಳುತ್ತಿದ್ದ ಪ್ರಶ್ನೆ, "ನಿಮ್ಮ ಕಡೆಯವರು ಯಾರು?" ಬಾಗಿಲ ಹೊರಗೆ ಕಡೆಯವರೊಬ್ಬರು ನಿಲ್ಲದೆ ಡಾಕ್ಟರು ಚಾಕು ಮುಟ್ಟುತ್ತಿರಲಿಲ್ಲ. ಹೆಚ್ಚುಕಡಿಮೆಯಾದರೆ ಯಾರಿಗೆ ಹೇಳುವುದು? ಯಾರೂ ಇಲ್ಲದವರ ಸರದಿ ಬಂದಾಗ ದೊಡ್ಡಮ್ಮ ಕೈ ಒರೆಸಿಕೊಂಡು ಬಂದು ನಿಲ್ಲುತ್ತಿದ್ದಳು. ಮುದುಕಿಯರಿಗೆ ಸೊಸೆ, ಹುಡುಗಿಯರಿಗೆ ಅತ್ತೆ, ಗಂಡಸರಿಗೆ ಹೆಂಡತಿ. ಡಾಕ್ಟರು ರೋಗಿಯ ಹೊಟ್ಟೆ ನೋಡುತ್ತಿದ್ದರೇ ಹೊರತು ಹೆಂಡತಿಯ ಮುಖ ನೋಡುತ್ತಿರಲಿಲ್ಲ.

ನೋಡುತ್ತಿದ್ದವರು ಮದರ್, ಆ ಕನ್ಯಾಸ್ತ್ರೀಯರ ಹಿರಿಯರು. ಸುಳ್ಳು ಅವರ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ. ಜ್ವರದ ಮಗುವಿಗೂ ಔಷಧಿ ಸಿಹಿ ಎನ್ನದೆ, "ಕಹಿ ಇದೆ, ನುಂಗು" ಎನ್ನುವವರು. ಅಷ್ಟಾಗಿಯೂ ವಾರ ತಪ್ಪದೆ ಪಾದ್ರಿಯ ಬಳಿ ಪಾಪ ಹೇಳಿಕೊಳ್ಳಲು ಹೋಗುತ್ತಿದ್ದರು. "ಮಾಡಿದ್ದೇ ಇಲ್ಲ, ಅದೇನು ಹೇಳ್ತಾರೋ! ನನ್ನ ಹತ್ರ ಒಂದೆರಡು ಕೈಗಡ ತಗೊಂಡು ಹೋಗಬಾರದಾ?" ಎಂದು ದೊಡ್ಡಮ್ಮ ಮರುಗುತ್ತಿದ್ದಳು.

ಸುಳ್ಳು ಹೇಳಿದ್ದಕ್ಕೆ ಮದರ್ ದೊಡ್ಡಮ್ಮನಿಗೆ ಬೈದ ವಾರ ಅವರ ತಲೆವಸ್ತ್ರಕ್ಕೆ ಎರಡು ಪಾಲು ಗಂಜಿ ಬೀಳುತ್ತಿತ್ತು. ಅದು ಒಣಗಿ ಹಲಗೆಯಾಗಿ ದಿನವಿಡೀ ಕಿವಿ ಕೆರೆಯುತ್ತಿತ್ತು. ಯಾಕೆಂದು ಮದರಿಗೂ ಗೊತ್ತಿತ್ತು. ಕಿವಿ ಕೆಂಪಾದರೂ ತುಟಿಪಿಟಕ್ಕೆನ್ನದೆ ಮುಂದಿನ ವಾರ ಮತ್ತೆ ಬೈಯುತ್ತಿದ್ದರು.

ಕೊನೆಗೆ ಲಾರಿ ಡ್ರೈವರನಿಂದಾಗಿ ಎಲ್ಲರೆದುರು ಬಣ್ಣ ಬಯಲಾಯಿತು. ಅವನ ಕಾಲಿನ ಆಪರೇಷನ್ ಮುಗಿದು, ದೊಡ್ಡಮ್ಮ ಹಾಲು ಕುಡಿಸುತ್ತಿದ್ದಾಗ ನಿಜವಾದ ಹೆಂಡತಿ ಬಂದು ನಿಂತಳು.

"ಯಾರೇ ನೀನು?"

"ಇವನ ಹೆಂಡ್ತಿ. ನೀನ್ಯಾರು?" ಎಂದಳು ದೊಡ್ಡಮ್ಮ.

ಲೋಟ ಹಾರಿತು, ಜಡೆಗೆ ಜಡೆ ಸಿಕ್ಕಿತು. ಏಳಲಾರದವರೆಲ್ಲ ಎದ್ದು ಕೂತು ನೋಡಿದರು. ಒಂದೇ ಏಟಿಗೆ ಅಷ್ಟು ಜನ ಗುಣವಾದದ್ದು ಆ ವಾರ್ಡಿನಲ್ಲಿ ಅದೇ ಮೊದಲು.

ಮಾರನೆಯ ದಿನ ಮದರ್ ಕಟ್ಟಪ್ಪಣೆ ಮಾಡಿದರು. ಇನ್ನು ಮುಂದೆ ಕಡೆಯವರೆಂದರೆ ರಕ್ತಸಂಬಂಧದವರು, ಇಲ್ಲವೇ ನಿಜವಾಗಿ ಕೈಹಿಡಿದವರು. ಅವರಿಲ್ಲದವರು ಸರ್ಕಾರಿ ಆಸ್ಪತ್ರೆಗೆ ಹೋಗಲಿ.

"ದಾರಿಯಲ್ಲೇ ಸಾಯ್ತಾರೆ, ಮದರ್," ಎಂದಳು ದೊಡ್ಡಮ್ಮ.

"ಸುಳ್ಳಿನ ಮೇಲೆ ಆಸ್ಪತ್ರೆ ನಡೆಯಲ್ಲ," ಎಂದರು ಮದರ್. ಆ ವಾರದ ತಲೆವಸ್ತ್ರ ಗೋಡೆಗೆ ಒರಗಿಸಿದರೆ ತಾನಾಗಿಯೇ ನಿಲ್ಲುತ್ತಿತ್ತಂತೆ.

ಆ ಅಪ್ಪಣೆಗೆ ಮೊದಲು ಸಿಕ್ಕಿಬಿದ್ದವರು ಮದರೇ. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಹೊಟ್ಟೆ ಹಿಡಿದುಕೊಂಡು ಕುಸಿದರು. ಡಾಕ್ಟರು ಒತ್ತಿ ನೋಡಿ, "ಕರುಳು ಸುತ್ಕೊಂಡಿದೆ. ಈಗಲೇ ಕೊಯ್ಯಬೇಕು, ಬೇರೆ ಕಡೆ ಒಯ್ಯೋವರೆಗೆ ತಡೆಯಲ್ಲ" ಎಂದರು. ತಳ್ಳುಗಾಡಿ ಆಪರೇಷನ್ ಕೋಣೆಯ ಬಾಗಿಲಿಗೆ ಬಂತು. ಮದರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನನ್ನ ಕಡೆಯವರು ಎಲ್ಲಿ?"

"ನಾವಿದ್ದೀವಲ್ಲ!" ಎಂದು ಉಳಿದ ಕನ್ಯಾಸ್ತ್ರೀಯರು ಅತ್ತರು.

"ನೀವು ರಕ್ತಸಂಬಂಧ ಅಲ್ಲ. ಬಡವರಿಗೊಂದು ನಿಯಮ, ನನಗೊಂದು ನಿಯಮ ಬೇಡ."

ಹೆತ್ತವರು, ಒಡಹುಟ್ಟಿದವರು ಎಲ್ಲರನ್ನೂ ಹರೆಯದಲ್ಲೇ ಬಿಟ್ಟುಬಂದ ಜೀವಕ್ಕೆ ಈಗ ರಕ್ತಸಂಬಂಧ ಎಲ್ಲಿಂದ ತರುವುದು? ಡಾಕ್ಟರು ಕೈ ಕೈ ಹಿಸುಕಿಕೊಂಡರು. ಮದರ್ ಚೌಕಟ್ಟು ಬಿಡಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಓಡಿ ಬಂದಳು, ಮೊಣಕೈವರೆಗೆ ನೊರೆ.

"ನಾನು ಇವರ ಮಗಳು."

ಡಾಕ್ಟರು ತಬ್ಬಿಬ್ಬಾದರು. ಮದರ್ ಅವಳಿಗಿಂತ ಹೆಚ್ಚೆಂದರೆ ಹತ್ತು ವರ್ಷ ದೊಡ್ಡವರು. ಅದು ಹಾಗಿರಲಿ, ಕನ್ಯಾಸ್ತ್ರೀಗೆ ಮಗಳು! ಕಿರಿಯ ಸಿಸ್ಟರ್ ಒಬ್ಬರು ಗಡಬಡಿಸಿ ಶಿಲುಬೆ ಗುರುತು ಹಾಕಿಕೊಂಡರು.

ದೊಡ್ಡಮ್ಮ ಬಗ್ಗಿದಳು. "ಮದರ್, ಜಗಲಿ ಮೇಲೆ ಬಿದ್ದಿದ್ದೋಳನ್ನ ಎತ್ಕೊಂಡು ಒಳಗೆ ತಂದೋರು ನೀವು. ನಿಮಗೇನಾದ್ರೂ ಆದ್ರೆ ನಾನು ಇನ್ಯಾರ ಹತ್ರ ಬೈಸ್ಕೊಳ್ಳಲಿ?"

ಡಾಕ್ಟರು ಮದರ್ ಕಡೆ ತಿರುಗಿದರು. "ಹೇಳಿ ಮದರ್. ಇವಳು ನಿಮ್ಮ ಮಗಳಾ?"

ಅಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಮದರ್ ಕಣ್ಣು ಮುಚ್ಚಿಕೊಂಡರು. ಹಿಡಿದಿದ್ದ ಚೌಕಟ್ಟನ್ನು ಬಿಟ್ಟರು.

"ಹೌದು. ಹೇಳಿದ ಒಂದು ಮಾತೂ ಕೇಳಲ್ಲ."

ಮದರ್ ಉಳಿದರು, ಕಟ್ಟಪ್ಪಣೆ ಉಳಿಯಲಿಲ್ಲ. ಅವರು ಎದ್ದು ಓಡಾಡುವಂತಾದ ಮೇಲೆ ದೊಡ್ಡಮ್ಮ ತಲೆವಸ್ತ್ರಕ್ಕೆ ಹದವಾಗಿ ಗಂಜಿ ಹಾಕಿ, ಮಡಿಸಿ ಒಯ್ದುಕೊಟ್ಟು ಹಲ್ಲು ಕಿರಿದಳು.

"ಅಂತೂ ಈ ವಾರ ಪಾದ್ರಿಗೆ ಹೇಳೋಕೆ ನಿಮಗೂ ಒಂದು ಪಾಪ ಸಿಕ್ತು."

ಮದರ್ ವಸ್ತ್ರವನ್ನು ತಲೆಗೆ ಹಾಕಿಕೊಂಡು, ಕಿವಿಯ ಬಳಿ ಮುಟ್ಟಿ ನೋಡಿಕೊಂಡರು.

"ಯಾವ ಪಾಪ?" ಎಂದರು.