ಭಜನೆಯ ತಾಳ ಮತ್ತು ಸಣ್ಣ ಸ್ಪೀಕರು

ಬನಹಟ್ಟಿಯ ನೇಕಾರ ಈರಪ್ಪ ಕಾಕಾನ ಮನೆಯಲ್ಲಿ ಮೂರು ಸ್ಪೀಕರಿನ ಹಳೆಯ ಪೆಟ್ಟಿಗೆಯಿತ್ತು. ದಪ್ಪ ದನಿಯನ್ನು ದೊಡ್ಡ ಸ್ಪೀಕರಿಗೆ, ತೆಳು ದನಿಯನ್ನು ಸಣ್ಣದಕ್ಕೆ ಹಂಚುವ ಅದರ ಕ್ರಾಸ್‌ಓವರ್ ಸುಟ್ಟುಹೋಗಿತ್ತು. ರೇಡಿಯೋ ರಿಪೇರಿ ಮಾಡುವ ನಾನು ಹೊಸ ತಂತಿ ಸುತ್ತಿ, ಕಂಡೆನ್ಸರ್ ಹಾಕಿ ಕೂಡಿಸಿದೆ. ಅಳೆಯುವ ಮೀಟರು ನನ್ನಲ್ಲಿರಲಿಲ್ಲ, ಎಲ್ಲಾ ಕಿವಿಯ ಮೇಲೆಯೇ.

ಭಜನೆಯ ಕ್ಯಾಸೆಟ್ ಹಚ್ಚಿದೆವು. "ಸಣ್ಣದು ಮಾತಾಡವಲ್ದು, ತಾಳ ಕೇಳವಲ್ದು" ಅಂದ ಕಾಕಾ. ನನಗೂ ಹಾಗೇ ಅನ್ನಿಸಿತು. ಸಣ್ಣ ಸ್ಪೀಕರಿನ ದಾರಿಯಲ್ಲಿ ದನಿ ತಗ್ಗಿಸುತ್ತಿದ್ದ ರೆಸಿಸ್ಟೆನ್ಸ್ ಕಿತ್ತುಹಾಕಿದೆ. ಅದೂ ಸಾಲದೆ, ದನಿ ಇನ್ನಷ್ಟು ಹರಿಯಲೆಂದು ದೊಡ್ಡ ಕಂಡೆನ್ಸರ್ ಹಾಕಿದೆ.

"ಈಗ ಛಲೋ ಆತು ನೋಡ್" ಅಂದ ಕಾಕಾ.

ಇಬ್ಬರೂ ಕಣ್ಣು ಮುಚ್ಚಿ ಕೂತೆವು. ಹಿಪ್ಪರಗಿಯ ಒಕ್ಕಲುಮನೆಯಿಂದ ಬಂದಿದ್ದ ಕಾಕಾನ ತಂಗಿ ಚಹಾ ತಂದವಳು, ಕಪ್ಪುಗಳನ್ನು ಹೊಸ್ತಿಲ ಮೇಲೇ ಇಟ್ಟು ಎರಡೂ ಕಿವಿ ಮುಚ್ಚಿಕೊಂಡಳು.

"ಅಣ್ಣಾ, ಬಂದ್ ಮಾಡಪಾ. ಕಿವ್ಯಾಗ ಸೂಜಿ ಚುಚ್ಚಿದಂಗ ಆಗಾಕತ್ತೈತಿ."

ಕಾಕಾ ಬಂದ್ ಮಾಡಿದ. ಅವನು ಜೀವಮಾನವೆಲ್ಲ ಪವರ್‌ಲೂಮಿನ ಕಿವಿಗಡಚಿಕ್ಕುವ ಸದ್ದಿನಲ್ಲಿ ನಿಂತವನು. ನಾನು ಹುಟ್ಟಿದ್ದೂ ಮಗ್ಗದ ಮನೆಯಲ್ಲಿ, ನನ್ನ ಅಂಗಡಿಯ ಗೋಡೆಯಾಚೆಗೂ ಮಗ್ಗಗಳೇ. ಅವನು ನನ್ನ ಮುಖವನ್ನೇ ನೋಡಿದ.

"ನನಗರ ವಯಸ್ಸಾತು. ನಿನಗೂ ಕೇಳಂಗಿಲ್ಲೇನೋ ತಮ್ಮಾ?"

ನಾನು ಸ್ಕ್ರೂಡ್ರೈವರ್ ಹುಡುಕುವವನಂತೆ ತಲೆ ತಗ್ಗಿಸಿದೆ. ಊರಿನ ಎಷ್ಟೋ ಪೆಟ್ಟಿಗೆಗಳನ್ನು ಇದೇ ಕಿವಿಯಿಂದ ಸರಿಮಾಡಿ ಕೊಟ್ಟಿದ್ದೆ. ಯಾರೂ ಒಂದು ದೂರು ತಂದಿರಲಿಲ್ಲ. ಅದಕ್ಕೇ ನನ್ನ ಕೆಲಸ ಪಕ್ಕಾ ಅಂತ ತಿಳಿದಿದ್ದೆ. ಅವರೆಲ್ಲರೂ ನನ್ನಂತೆ ಮಗ್ಗದ ಸದ್ದಿನಲ್ಲಿ ಬೆಳೆದವರೇ ಆಗಿದ್ದರು.