ಕೂಗುವ ಕೌಜುಗದ ಪಟ

ಖಾಜಾಸಾಬನ ಮುತ್ತಜ್ಜ ದಸ್ತಗೀರಸಾಬ ಹಕ್ಕಿ ಹಿಡಿಯುವವನು. ಕೊಟ್ಟೂರಿನಿಂದ ಕೂಡ್ಲಿಗಿವರೆಗಿನ ಕುರುಚಲಿನಲ್ಲಿ ಅವನ ಬಲೆ ಕಾಣದ ಪೊದೆ ಇರಲಿಲ್ಲವಂತೆ. ಸಾಕಿದ ಗಂಡು ಕೌಜುಗವನ್ನು ಪಂಜರದಲ್ಲಿಟ್ಟು, ಮೇಲೆ ಬಟ್ಟೆ ಹೊದಿಸಿ, ಪೊದೆಯ ಮಗ್ಗುಲಿಗೆ ಕೂರಿಸುತ್ತಿದ್ದ. ಪಂಜರದ್ದು ಕೂಗಿದರೆ ಅಡವಿಯದು ಜಗಳಕ್ಕೆ ಬಂದು ಬಲೆಗೆ ಬೀಳುತ್ತಿತ್ತು. ಮರುದನಿ ಎಷ್ಟು ದೂರದ್ದು, ಹಕ್ಕಿ ಒಂಟಿಯೋ ಜೋಡಿಯೋ, ಹೊಟ್ಟೆ ತುಂಬಿದೆಯೋ ಹಸಿದಿದೆಯೋ ಎಂಬುದನ್ನೆಲ್ಲ ಅವನು ಕಣ್ಣು ಮುಚ್ಚಿ ಕೂತು ಹೇಳುತ್ತಿದ್ದ. ಅವನ ಮಗ ಇಮಾಮಸಾಬ ಆ ಬಲೆಗಳನ್ನು ಒಲೆಗೆ ಹಾಕಿ ಎಂಜಿನ್ ಕೆಲಸ ಕಲಿತ. ಹಿರೇಹಡಗಲಿ ಸೀಮೆಯ ಎಷ್ಟೋ ಬಾವಿಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ, ಸದ್ದು ಕೇಳಿಯೇ ಅವುಗಳ ದೋಷ ಹಿಡಿಯುತ್ತಿದ್ದ. ಇಮಾಮಸಾಬನ ಮಗ, ಅಂದರೆ ಖಾಜಾಸಾಬನ ಅಪ್ಪ ಮೊಹಿದ್ದೀನಸಾಬನಂತೂ ದಾರಿಯಲ್ಲಿ ಹೋಗುತ್ತಾ ಹೋಗುತ್ತಾ ಗಕ್ಕನೆ ನಿಂತು, "ಈ ಮೋಟಾರಿನ ಬೇರಿಂಗು ಹೋಗಾಕತ್ತೈತಿ, ಯಾರದಪ್ಪಾ ಇದು?" ಎಂದು ಕೇಳುವವನು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಹೀಗೆ ಮೂರು ತಲೆ ಕಿವಿಯನ್ನು ನಂಬಿ ಉಂಡ ಮನೆತನ. ನಾಲ್ಕನೆಯವನ ಕಿವಿ ಹೋಯಿತು.

ಒಂದೇ ದಿನಕ್ಕೆ ಹೋದದ್ದಲ್ಲ. ಮೀಸೆ ಮೂಡುವ ಮೊದಲೇ ಖಾಜಾಸಾಬ ಶೇಂಗಾ ಮಿಲ್ಲಿಗೆ ಸೇರಿದ್ದ. ಕಾಯಿ ಒಡೆಯುವ ಮಷೀನಿನ ಪಕ್ಕದಲ್ಲೇ ಅವನ ಪ್ರಾಯ ಸವೆಯಿತು. ಮಿಲ್ಲು ಮುಚ್ಚಿದ ಮೇಲೆ ಕೊಟ್ಟೂರಿನ ನಮ್ಮ ಬೀದಿಯಲ್ಲಿ ಮೋಟಾರು ಸುತ್ತುವ ಅಂಗಡಿ ಇಟ್ಟ. ಸುಟ್ಟ ಮೋಟಾರಿನ ಒಳಗಿನ ಹಳೇ ತಂತಿ ಕಿತ್ತು ಹೊಸ ತಂತಿ ಸುತ್ತುವುದು ಕಣ್ಣು ಕೈಗಳ ಕೆಲಸವಾದ್ದರಿಂದ ಹೊಟ್ಟೆಗೆ ತೊಂದರೆಯಾಗಲಿಲ್ಲ. ಮೊದಲು ಸಣ್ಣ ದನಿಗಳು ಹೋದವು, ಆಮೇಲೆ ಹೆಂಗಸರ ಮಾತು, ಆಮೇಲೆ ಎಲ್ಲರ ಮಾತು. ಹೆಂಡತಿ ಖಾಸಿಂ ಬೀ ಇರುವವರೆಗೆ ಅವನ ಬಲಗಿವಿಗೆ ಬಾಯಿ ಹಚ್ಚಿ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಮಕ್ಕಳಿರಲಿಲ್ಲ. ಅವಳು ತೀರಿಕೊಂಡ ಮೇಲೆ ಅಷ್ಟು ಹತ್ತಿರ ಬಂದು ಹೇಳುವ ಪುರಸೊತ್ತು ಯಾರಿಗಿದೆ? ಚಹಾದಂಗಡಿಯಲ್ಲಿ ಜನ ನಗುತ್ತಿದ್ದರೆ ತಾನೂ ನಗುತ್ತಿದ್ದ. ಒಂದು ಸಲ ಯಾರದೋ ಸಾವಿನ ಸುದ್ದಿ ನಡೆದಿತ್ತು, ಹಿಂದಿನ ಮಾತಿಗೆ ನಕ್ಕವರ ಮುಖ ನೋಡಿ ಇವನು ತಡವಾಗಿ ನಕ್ಕ. ಎಲ್ಲರೂ ತಿರುಗಿ ನೋಡಿದರು. ಅವತ್ತಿನಿಂದ ಚಹಾವನ್ನು ತನ್ನ ಅಂಗಡಿಗೇ ತರಿಸಿಕೊಳ್ಳತೊಡಗಿದ. ತಂಗಿ ತಸ್ಲೀಮ್ ಕಿವಿಗೆ ಮಷೀನು ತಂದು ಕೊಟ್ಟಳು. ಹಾಕಿಕೊಂಡರೆ ತಲೆಯೊಳಗೆ ಮತ್ತೆ ಶೇಂಗಾ ಮಿಲ್ಲು ಶುರುವಾಗುತ್ತದೆಂದು ಅದನ್ನು ತೆಗೆದಿಟ್ಟ.

ಬೆಳಗಿನ ಹೊತ್ತು ಸೈಕಲ್ ಹತ್ತಿ ಊರಾಚೆಯ ಗೋಕಟ್ಟೆಗೆ ಹೋಗುವುದು ರೂಢಿಯಾಯಿತು. ದನ ನೀರು ಕುಡಿಯುವ ಕಟ್ಟೆ, ಸುತ್ತ ಜಾಲಿ, ಬಾರೆ ಗಿಡ, ಆಚೆಗೆ ಎರೆಹೊಲ. ಅಲ್ಲಿ ಒಂದು ದಿನ ಕಲ್ಲಿನ ಮೇಲೆ ಕೌಜುಗವೊಂದು ನಿಂತಿತ್ತು. ಹ್ಯಾಟೆ ಕೋಳಿಯಷ್ಟು ದಪ್ಪ, ಒಣಹುಲ್ಲಿನ ಬಣ್ಣ. ಕತ್ತು ನೀಡಿ, ಮೈಯನ್ನೆಲ್ಲ ಅಲುಗಿಸಿ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಖಾಜಾಸಾಬನಿಗೆ ಏನೂ ಕೇಳಲಿಲ್ಲ. ಹುಡುಗನಿದ್ದಾಗ ದಿನಾ ಬೆಳಗಾಗುತ್ತಿದ್ದುದೇ ಆ ಕೂಗಿನಿಂದ. ಕೇಳದಿದ್ದರೆ ಹೋಗಲಿ, ಹೇಗಿತ್ತು ಎಂದು ನೆನಪು ಮಾಡಿಕೊಳ್ಳಹೋದ. ಆ ದನಿ ತಲೆಯಲ್ಲಿ ಎಲ್ಲಿಯೂ ಸಿಗಲಿಲ್ಲ. ಹೆಂಡತಿಯ ದನಿ ಹುಡುಕಿದ. ಅದೂ ಮಸುಕಾಗಿತ್ತು.

"ಆ ಬಾಯಿ ತೆರೆದದ್ದನ್ನ ಒಂದು ಪಟದಾಗ ಹಿಡಕೊಂಡು ದಿನಾ ನೋಡಿದ್ರ ದನಿ ತಾನ ಬರಬೋದು" ಎಂದು ಅವನು ನನಗೆ ಹೇಳಿದ. ಕಿವುಡರ ಮಾತು ಜೋರು. ಇಡೀ ಬೀದಿಗೆ ಕೇಳಿತು.

ಸ್ಟುಡಿಯೊ ಹಂಪೇಶನ ಹತ್ತಿರ ಮದುವೆ ತೆಗೆಯುವ ಹಳೇ ಕ್ಯಾಮೆರಾ ಇತ್ತು. ಅವನು ಹೊಸದು ತಂದಿದ್ದರಿಂದ ಹಳೆಯದನ್ನು, ಉದ್ದನೆಯ ಲೆನ್ಸ್ ಸಮೇತ, ಖಾಜಾಸಾಬನಿಗೆ ದಾಟಿಸಿದ. "ಸಾಬ್ರ, ಮದುಮಗ ನಿಲ್ಲು ಅಂದ್ರ ನಿಲ್ತಾನ. ಹಕ್ಕಿ ನಿಲ್ಲಂಗಿಲ್ಲ ನೋಡ್ರಿ!" ಎಂದು ಕೈಸನ್ನೆ ಮಾಡಿ ಕೂಗಿದ. ಬೆಳಕು ಬೆನ್ನಿಗಿರಬೇಕು, ಗುಂಡಿಯನ್ನು ಅರ್ಧ ಒತ್ತಿದರೆ ಹಕ್ಕಿ ಸ್ಪಷ್ಟವಾಗುತ್ತದೆ, ಪೂರ್ತಿ ಒತ್ತಿದರೆ ಪಟ ಬೀಳುತ್ತದೆ. ಅಷ್ಟು ಕಲಿಸಿ ಕಳಿಸಿದ.

ಮೊದಲ ಪಟ ತಂತಿಯ ಮೇಲಿನ ಕಾಗೆಯದು. ಬೆಳ್ಳನೆ ಆಕಾಶದಲ್ಲಿ ಮಸಿ ಚೆಲ್ಲಿದಂತೆ ಬಂತು. ಎರಡನೆಯದರಲ್ಲಿ ಮುಳ್ಳುಕಡ್ಡಿ ಚೆನ್ನಾಗಿ ಬಂದು ಅದರ ಹಿಂದಿನ ಹಕ್ಕಿ ಹೊಗೆಯಾಗಿತ್ತು. ಕೊಕ್ಕರೆ ತೆಗೆದರೆ ಕಾಲು ಬಂತು, ತಲೆ ಹೋಯಿತು. ತಂಗಿಯ ಮಗಳು ಗುಲಫಶಾ ಇವನ್ನೆಲ್ಲ ಮೊಬೈಲಿಗೆ ಹಾಕಿಕೊಂಡು ನೋಡಿ, "ಮಾಮು, ಇದು ಹಕ್ಕಿನೋ ಚಪ್ಪಲಿನೋ?" ಎಂದು ಬರೆದು ತೋರಿಸಿದಳು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬೆಳ್ಳನೆ ಅಂಗಿ ಬಿಟ್ಟು ಗ್ರೀಸಿನ ಖಾಕಿ ಅಂಗಿ ಹಾಕಿದ. ಮುಳ್ಳಿನಲ್ಲಿ ಮೊಳಕೈ ಊರಿ ತೆವಳುವುದು ಕಲಿತ. ಕೈ ನಡುಗದ ಹಾಗೆ ಉಸಿರು ಬಿಗಿಹಿಡಿಯುವುದನ್ನಂತೂ ಸಣ್ಣ ತಂತಿ ಸುತ್ತುವ ಕೆಲಸವೇ ಕಲಿಸಿತ್ತು.

ಆದರೆ ಕೌಜುಗ ನಿಲ್ಲುತ್ತಿರಲಿಲ್ಲ. ಎಷ್ಟು ಮೆಲ್ಲಗೆ ಹೋದರೂ ಸರಿ, ಹತ್ತಿರ ಹೋಗುವವರೆಗೆ ಸುಮ್ಮನಿದ್ದು, ಅವನು ಕಣ್ಣಿಗೆ ಕ್ಯಾಮೆರಾ ಹಚ್ಚಿ ಗುಂಡಿಯ ಮೇಲೆ ಬೆರಳಿಟ್ಟ ಗಳಿಗೆಗೆ ಪುರ್ರನೆ ಹೋಗುತ್ತಿತ್ತು. ನೀರಿನ ಹಕ್ಕಿಗಳು ದೂರದಲ್ಲಿರುತ್ತಿದ್ದವು, ಅವು ಇವನನ್ನು ಲೆಕ್ಕಕ್ಕೆ ತರುತ್ತಿರಲಿಲ್ಲ. ಹತ್ತಿರದ್ದೇ ಹೋಗುವುದು, ಅದರಲ್ಲೂ ಕೌಜುಗವೇ ಹೋಗುವುದು. ಮಳೆಗಾಲ ಕಳೆದು ಚಳಿ ಬಂದರೂ ಅದೇ ಕಥೆ.

ಅವನ ಮನೆತನದಲ್ಲಿ ಒಂದು ನಂಬಿಕೆ ಇತ್ತು. ಬಲೆ ಸುಟ್ಟ ಅಜ್ಜ ಇಮಾಮಸಾಬ ಮಕ್ಕಳಿಗೆಲ್ಲ ಹೇಳುತ್ತಿದ್ದನಂತೆ: ನಮ್ಮ ರಕ್ತದ ವಾಸನೆ ಕೌಜುಗಕ್ಕೆ ಗೊತ್ತು, ಏಳು ತಲೆಗೂ ಮರೆಯುವುದಿಲ್ಲ. ಅದಕ್ಕೇ ಆ ಮನೆಯವರು ಯಾರೂ ಕೌಜುಗ ತಿನ್ನುತ್ತಿರಲಿಲ್ಲ, ಸಾಕುತ್ತಿರಲಿಲ್ಲ. ಖಾಜಾಸಾಬ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೋಟಾರು ಕೆಟ್ಟರೆ ನೂರು ಕಾರಣ ಹುಡುಕುವ ಮನುಷ್ಯ, ಹಕ್ಕಿ ಹಾರಿದ್ದಕ್ಕೆ ಈ ಒಂದೇ ಕಾರಣ ಸಾಕೆಂದುಕೊಂಡ. ಊರಿನ ಮಂದಿ ದೂರವಾದರು, ಹಕ್ಕಿಯೂ ದೂರವಾಯಿತು ಎಂದು ಮಂಕಾದ.

ಜೋಳಕ್ಕೆ ಹಾಲು ತುಂಬುವ ಕಾಲಕ್ಕೆ ಗೋಕಟ್ಟೆಯ ಮಗ್ಗುಲ ಹೊಲಕ್ಕೆ ಓಬಣ್ಣ ಬಂದ. ಹೊಲ ಅವನದೇ. ನಾಲ್ಕು ಗೂಟದ ಮೇಲೆ ಅಟ್ಟ ಕಟ್ಟಿ, ಬೆಳಗಿನಿಂದ ಖಾಲಿ ಡಬ್ಬ ಬಡಿದು ಹಕ್ಕಿ ಓಡಿಸುವುದು ಅವನ ಕೆಲಸ. ಇಬ್ಬರೂ ಒಂದೇ ವಯಸ್ಸಿನವರು, ಹಿಂದೆ ಒಂದೇ ಮಿಲ್ಲಿನಲ್ಲಿ ದುಡಿದವರು.

ಒಂದು ಮುಂಜಾನೆ ಖಾಜಾಸಾಬ ಅಂಗಿಯ ಕಿಸೆಯಲ್ಲಿ ಜೋಳ ತಂದು ಬಾರೆ ಗಿಡದ ಬುಡಕ್ಕೆ ಚೆಲ್ಲಿ, ಎರಡೂ ಕೈ ಮುಂದೆ ಚಾಚಿ, "ತಪ್ಪಾಗೈತಿ! ನಮ್ಮ ಹಿರಿಯಾರು ಮಾಡ್ಯಾರ, ನಾ ಮಾಡಿಲ್ಲ! ಮಾಫ್ ಮಾಡ್ರಿ!" ಎಂದ. ಪಿಸುಗುಟ್ಟಿದೆನೆಂದೇ ಅವನ ಎಣಿಕೆ. ಗಿಡದಲ್ಲಿದ್ದ ಗುಬ್ಬಿ, ಬೆಳವ, ಎಲ್ಲವೂ ಎದ್ದು ಹೋದವು.

ಓಬಣ್ಣ ಅಟ್ಟದಿಂದ ಇಳಿದು ಎದುರಿಗೆ ಬಂದು ನಿಂತ. "ಯಾರ ಜೋಡಿ ಜಗಳಪಾ ಖಾಜಣ್ಣ, ಹೊತ್ತು ಹುಟ್ಟೋಕ ಮೊದಲ?"

ತುಟಿ ನೋಡಿ ಖಾಜಾಸಾಬ ಅರ್ಥ ಮಾಡಿಕೊಂಡ. "ಹಕ್ಕಿ ಜೋಡಿ. ನನ್ನ ಕಂಡ್ರ ಅವಕ್ಕ ಆಗವಲ್ದು."

"ನಿನ್ನ ಕಂಡಲ್ಲೋ ಮಾರಾಯ. ನಾ ದಿನಾ ನೋಡ್ತೀನಲ್ಲ. ನೀ ಬಂದು ಮಲಗಿದ್ರ ಅವು ನಿನ್ನ ಕಾಲಮ್ಯಾಗ ಓಡ್ಯಾಡ್ತಾವ. ಆ ಪೆಟ್ಟಿಗಿ ಕೂಗಿದ ಕೂಡ್ಲೆ ಹೋಗ್ತಾವ. ನಾ ಡಬ್ಬಿ ಬಡದು ಬಡದು ರಟ್ಟಿ ನೋವು. ನಿನ್ನ ಪೆಟ್ಟಿಗಿ ನನಗ ಕೊಡು, ಹೊಲ ಕಾಯ್ತೈತಿ."

"ಕೂಗ್ತೈತಾ? ಯಾವುದು?"

"ಅದ! ಟೀಂ ಟೀಂ ಅಂತೈತಿ, ಬಸ್ಸಿನ ಕಂಡಕ್ಟರ್ ಸೀಟಿ ಊದಿದಂಗ!"

ಖಾಜಾಸಾಬ ನಂಬಲಿಲ್ಲ. ಓಬಣ್ಣ ಮಿಲ್ಲಿನ ಕಾಲದಿಂದಲೂ ಚೇಷ್ಟೆಯವನು. ಮೋಟಾರು ರಿಪೇರಿಯವರದು ಒಂದು ಪದ್ಧತಿ ಇದೆ: ಬೇರಿಂಗು ಕೆಟ್ಟಿದೆಯೋ ಎಂದು ತಿಳಿಯಲು ಸ್ಕ್ರೂ ಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತುತ್ತಾರೆ. ಕಿವಿ ಮಂದವಾದ ಮೇಲೆ ಖಾಜಾಸಾಬ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದ, ಅದರುವುದು ದವಡೆಯಲ್ಲಿ ಗೊತ್ತಾಗುತ್ತಿತ್ತು. ಈಗ ಓಬಣ್ಣನ ಎದುರಿಗೇ ನೆಲದಲ್ಲಿ ಕೂತು, ಕ್ಯಾಮೆರಾದ ಮೂಲೆಯನ್ನು ಹಲ್ಲಿಗೆ ಕಚ್ಚಿ, ಗುಂಡಿಯನ್ನು ಅರ್ಧ ಒತ್ತಿದ. ಮತ್ತೆ ಒತ್ತಿದ. ಇನ್ನೊಮ್ಮೆ ಒತ್ತಿದ. ದವಡೆಯೊಳಗೆ ಸಣ್ಣಗೆ, ದೂರದಲ್ಲೆಲ್ಲೋ ಎಂಬಂತೆ, ಅದು ಮಿಡಿಯಿತು.

ಕ್ಯಾಮೆರಾವನ್ನು ಬಾಯಿಂದ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಓಬಣ್ಣ ನಗಬೇಕೆಂದವನು ನಗಲಿಲ್ಲ.

ಸಂಜೆ ಗುಲಫಶಾ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಏನೇನೋ ಒತ್ತಿ ಆ ಸದ್ದು ಬಂದ್ ಮಾಡಿದಳು. ಮದುವೆಯ ಗದ್ದಲದಲ್ಲಿ ಕೇಳಲೆಂದು ಹಂಪೇಶ ಅದನ್ನು ಹಾಗೇ ಇಟ್ಟುಕೊಂಡಿದ್ದನಂತೆ. "ಮೊದಲಾ ಯಾಕ ಹೇಳಲಿಲ್ಲ ನೀನು?" ಎಂದು ಮಾಮು ಕೇಳಿದ. "ನೀವು ನನಗ ಎಂದಾರ ಹಕ್ಕಿ ನೋಡಾಕ ಕರಕೊಂಡು ಹೋಗೀರಾ?" ಎಂದು ಅವಳು ಬರೆದು ತೋರಿಸಿದಳು.

ಮರುದಿನ ಗೋಕಟ್ಟೆಯಲ್ಲಿ ಕೌಜುಗ ಅದೇ ಕಲ್ಲಿಗೆ ಬಂತು. ಖಾಜಾಸಾಬ ಬಾರೆ ಗಿಡದ ನೆರಳಲ್ಲಿ ಬೋರಲು ಬಿದ್ದಿದ್ದ. ಗುಂಡಿ ಅರ್ಧ ಒತ್ತಿದ. ಹಕ್ಕಿ ಕದಲಲಿಲ್ಲ. ಪೂರ್ತಿ ಒತ್ತಿದ. ಅದು ಒಮ್ಮೆ ಅವನ ಕಡೆ ನೋಡಿ, ಕಾಲಿನಿಂದ ಕೆನ್ನೆ ತುರಿಸಿಕೊಂಡು ಅಲ್ಲೇ ಉಳಿಯಿತು. ಒಂದು ಪಟ ತೆಗೆಯುವುದು, ಹೇಗೆ ಬಂತೆಂದು ತಲೆ ತಗ್ಗಿಸಿ ಪರದೆ ನೋಡುವುದು, ಮತ್ತೆ ತೆಗೆಯುವುದು. ಬಿಸಿಲೇರಿ ಹಕ್ಕಿ ತಾನಾಗಿ ಇಳಿದು ಪೊದೆಗೆ ನಡೆದುಹೋಗುವವರೆಗೂ ತೆಗೆದ. ಓಡಿಹೋಗಲಿಲ್ಲ, ನಡೆದುಹೋಯಿತು. ಅದನ್ನು ಅವನು ಬೀದಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದ.

ಪಟಗಳು ಚೆನ್ನಾಗಿದ್ದವು. ಒಂದೊಂದು ಗರಿಯನ್ನೂ ಎಣಿಸುವ ಹಾಗಿತ್ತು. ಕೊರಳ ಸುತ್ತ ಕಪ್ಪು ಗೆರೆ, ಕಣ್ಣಲ್ಲಿ ಬೆಳಗಿನ ಬೆಳಕು. ನಾನು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದೆ. ಗುಲಫಶಾ ಒಂದು ಸಲ ನೋಡಿ, ಮತ್ತೊಂದು ಸಲ ನೋಡಿ, ಮೊಬೈಲ್ ಕೆಳಗಿಟ್ಟಳು. ಅವಳು ಹೇಳಲಾರದೆ ಬಿಟ್ಟದ್ದನ್ನು ಅವನಾಗಲೇ ಕಂಡಿದ್ದ. ಒಂದರಲ್ಲಿಯೂ ಹಕ್ಕಿ ಬಾಯಿ ತೆರೆದಿರಲಿಲ್ಲ.

"ಕೂಗಲಿಲ್ಲ ಅನಿಸ್ತೈತಿ ಇವತ್ತು," ಎಂದ ಖಾಜಾಸಾಬ.

ಅವನ ಹಟ ನನಗೆ ಗೊತ್ತಿತ್ತು. ಮಾರನೆಯ ದಿನ ಹೊಲದ ಕಡೆ ಕೆಲಸವೂ ಇದ್ದುದರಿಂದ ಜೊತೆಗೆ ಹೋದೆ. ಗೋಕಟ್ಟೆ ಇನ್ನೂ ದೂರವಿರುವಾಗಲೇ ಕೌಜುಗದ ಕೂಗು ಕೇಳಿಸಿತು. ಖಾಜಾಸಾಬ ನನ್ನ ಮುಂದೆ ಸೈಕಲ್ ತಳ್ಳಿಕೊಂಡು, ಆ ಕೂಗಿನೊಳಗೆ ನಡೆದುಕೊಂಡೇ, ಏನೂ ಇಲ್ಲವೆಂಬಂತೆ ಹೋಗುತ್ತಿದ್ದ. ನಾನು ಓಬಣ್ಣನ ಅಟ್ಟದ ಬುಡದಲ್ಲಿ ಕೂತೆ. ಖಾಜಾಸಾಬ ತೆವಳಿಹೋಗಿ ಮಲಗಿದ. ಹಕ್ಕಿ ಕಲ್ಲೇರಿತು.

ಆಗ ಓಬಣ್ಣ ನನ್ನ ತೋಳು ಹಿಡಿದು ತೋರಿಸಿದ. "ನೋಡ್ರಿ ಅಣ್ಣಾರ, ನಿನ್ನೀನೂ ಹಿಂಗ. ಕಣ್ಣಿಗೆ ಹಚ್ಚಿದಾಗ ಅದು ಸುಮ್ನ ಇರ್ತೈತಿ. ಇವನು ತಲಿ ತಗ್ಗಿಸಿ ಪಟ ನೋಡಾಕ ಹತ್ತಿದ್ರ ಕೂಗ್ತೈತಿ. ತಲಿ ಎತ್ತಿದ್ರ ಮುಗದಿರ್ತೈತಿ."

ಹೌದು. ಕಣ್ಣೆದುರೇ ನಡೆಯುತ್ತಿತ್ತು. ಹೊಸದಾಗಿ ಪಟ ಹಿಡಿಯುವ ಎಲ್ಲರಿಗೂ ತೆಗೆದ ಕೂಡಲೇ ನೋಡುವ ಚಪಲ ಇರುತ್ತದಂತೆ. ಕಿವಿಯಿದ್ದವನಾದರೆ ಕೂಗಿಗೆ ತಲೆಯೆತ್ತುತ್ತಿದ್ದ. ಇವನು ಹಿಂದಿನ ಪಟದ ಮುಚ್ಚಿದ ಬಾಯಿಯನ್ನು ನೋಡುತ್ತಾ ಬಿದ್ದಿದ್ದ, ಎದುರಿಗೆ ಹಕ್ಕಿ ಮೈಯೆಲ್ಲ ದನಿಯಾಗಿ ಕರೆಯುತ್ತಿತ್ತು.

ಬಿಸಿಲೇರಿದ ಮೇಲೆ ಅವನು ಮೈಯ ಮುಳ್ಳು ಕೀಳುತ್ತಾ ನಮ್ಮ ಹತ್ತಿರ ಬಂದ. ಓಬಣ್ಣ ರೊಟ್ಟಿ ಬುತ್ತಿ ಬಿಚ್ಚಿ ಮುಂದಿಟ್ಟು, ಎದುರಿಗೆ ಕೂತು, ತುಟಿ ಬಿಡಿಸಿ ಬಿಡಿಸಿ ಎಲ್ಲವನ್ನೂ ಹೇಳಿದ. ಖಾಜಾಸಾಬ ತಿಳಿದುಕೊಂಡ. ರೊಟ್ಟಿಯ ಒಂದು ಚೂರು ಮುರಿದುಕೊಂಡ.

"ಹಂಗಾರ ಅದು ಕೂಗೈತಾ?"

"ಕೂಗಿ ಕೂಗಿ ನನ್ನ ತಲಿ ತಿಂದೈತಿ. ಕೇಳಿಲ್ಲಿ ಖಾಜಣ್ಣ. ನಾಳಿಂದ ಹೊಲಕ್ಕ ನನ್ನ ಮಗಳು ನಾಗಕ್ಕನ್ನ ಕೂಡಿಸ್ತೀನಿ. ನಾ ನಿನ್ನ ಮಗ್ಗಲಾಗ ಮಕ್ಕೊಂತೀನಿ. ಅದು ಶುರು ಮಾಡಿದ ಕೂಡ್ಲೆ ನಿನ್ನ ಹೆಗಲು ತಟ್ತೀನಿ, ನೀ ಒತ್ತಿಬಿಡು. ಒಂದ ದಿನದ ಕೆಲಸ. ಏನಂತಿ?"

ನಾನೂ ತಲೆ ಆಡಿಸಿದೆ. ಇದಕ್ಕಿಂತ ಸುಲಭದ ದಾರಿ ಇರಲಿಲ್ಲ, ನಾಳೆಯೇ ಪಟ ಅವನ ಕೈಯಲ್ಲಿರುತ್ತಿತ್ತು. ಖಾಜಾಸಾಬ ನಮ್ಮಿಬ್ಬರ ಮುಖವನ್ನೂ ನೋಡಿದ. ರೊಟ್ಟಿಯ ಚೂರನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದು ನುಂಗಿದ. ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಎದ್ದ.

"ಬ್ಯಾಡ ಓಬಣ್ಣ," ಎಂದ. "ನೀ ಹೆಗಲು ತಟ್ಟಿದ್ರ ನಾ ನಿನ್ನ ಮಾರಿ ನೋಡ್ತೀನಿ, ಹಕ್ಕಿ ನೋಡಂಗಿಲ್ಲ. ಏನಂದ್ರು ಏನಂದ್ರು ಅಂತ ಊರಾಗ ಎಲ್ಲಾರ ತುಟಿ ನೋಡಿ ನೋಡಿ ಸಾಕಾಗೈತಿ ನನಗ. ಇಲ್ಲಿ ಯಾರ ತುಟೀನೂ ನೋಡೋದಿಲ್ಲ ಅಂತನ ಬರ್ತೀನಿ. ಪರದಿ ನೋಡೋದು ಬಿಡ್ತೀನಿ, ಹಕ್ಕಿನ ನೋಡ್ಕೋತ ಮಕ್ಕೊಂತೀನಿ. ಸಿಕ್ರ ಸಿಗಲಿ, ಸಿಗದಿದ್ರ ಇಲ್ಲ. ನೀ ನಿನ್ನ ಹೊಲ ಕಾಯಿ."